ಕಳ್ಳಂಬೆಳ್ಳದಿಂದ ಪಾವಗಡಕ್ಕೆ: ಕಾಗದದ ನಕ್ಷೆಯ ಓದು

ಬೆಂಗಳೂರಿನಿಂದ ಪುಣೆಯತ್ತ ಹೊರಟ ವಾಹನಗಳಿಗೆ ಕಳ್ಳಂಬೆಳ್ಳ ಒಂದೆರಡು ನಿಮಿಷದ ಊರು. ತುಮಕೂರು ದಾಟಿ, ಶಿರಾ ಇನ್ನೂ ಬಾರದಿರುವಾಗ ಹೆದ್ದಾರಿಯ ಪಕ್ಕದಲ್ಲಿ ವಿಶಾಲವಾದ ಕೆರೆಯೊಂದು ಕಂಡು ಮರೆಯಾಗುತ್ತದೆ. ಕಾರಿನೊಳಗಿನ ಮೊಬೈಲ್ ಫೋನು ‘ನೇರವಾಗಿ ಸಾಗಿ’ ಎನ್ನುತ್ತದೆ. ಕೆರೆಗೆ ನೀರು ಯಾವ ಹಳ್ಳದಿಂದ ಬರುತ್ತದೆ, ಪೂರ್ವಕ್ಕೆ ಹೊರಳಿದರೆ ಯಾವ ಬೆಟ್ಟ ಸಿಗುತ್ತದೆ ಎಂದು ತಿಳಿಯಬೇಕಾದವರು ಕಾಗದದ ನಕ್ಷೆಯನ್ನೇ ಬಿಡಿಸಬೇಕು.

ಪ್ರಯಾಣಿಕರಿಗೆ ಒದಗುವ ನಕ್ಷೆಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಪುಸ್ತಕದಂಗಡಿಗಳಲ್ಲಿ ಸಿಗುವ ರಸ್ತೆ ಅಟ್ಲಾಸ್. ಅದರಲ್ಲಿ ಒಂದು ಸೆಂಟಿಮೀಟರ್ ಹತ್ತು ಹದಿನೈದು ಕಿಲೋಮೀಟರಿಗೆ ಸಮವಾಗಿರುವುದುಂಟು. ಊರಿಂದೂರಿಗೆ ದೂರ ಲೆಕ್ಕ ಹಾಕಲು, ಹೆದ್ದಾರಿ ಬಿಟ್ಟು ಪರ್ಯಾಯ ದಾರಿ ಹುಡುಕಲು ಅದು ಸಾಕು. ಎರಡನೆಯದು ಸರ್ವೆ ಆಫ್ ಇಂಡಿಯಾ ಸಿದ್ಧಪಡಿಸುವ ಭೂಲಕ್ಷಣ ನಕ್ಷೆ, ಅಂದರೆ ಟೋಪೋಶೀಟ್. 1:50,000 ಪ್ರಮಾಣದ ಈ ಹಾಳೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಕೆರೆ ಏರಿ, ಬಾವಿ, ಗುಡಿ, ಬಂಡಿಜಾಡು, ಕಾಲುದಾರಿಗಳೆಲ್ಲ ಇದರಲ್ಲಿ ಕಾಣುತ್ತವೆ. ಚಾರಣಿಗರಿಗೆ ಬೇಕಾದದ್ದು ಇದೇ.

ಹಾಳೆಯ ವಿಳಾಸ

ಟೋಪೋಶೀಟಿಗೆ ಊರಿನ ಹೆಸರಿಗಿಂತ ಸಂಖ್ಯೆಯೇ ಗುರುತು. ಹಳೆಯ ಪದ್ಧತಿಯಲ್ಲಿ 12ರಿಂದ 16 ಡಿಗ್ರಿ ಅಕ್ಷಾಂಶ ಮತ್ತು 76ರಿಂದ 80 ಡಿಗ್ರಿ ರೇಖಾಂಶದ ನಡುವಿನ ಚೌಕಕ್ಕೆ 57 ಎಂಬ ಸಂಖ್ಯೆ. ಅದನ್ನು ಹದಿನಾರು ಅಕ್ಷರಗಳಾಗಿ, ಪ್ರತಿ ಅಕ್ಷರವನ್ನು ಮತ್ತೆ ಹದಿನಾರು ಹಾಳೆಗಳಾಗಿ ವಿಭಾಗಿಸಲಾಗಿದೆ. ಈ ಲೆಕ್ಕದಲ್ಲಿ ಕಳ್ಳಂಬೆಳ್ಳ 57 ಸಿ/14ರಲ್ಲಿ, ಮಧುಗಿರಿ 57 ಜಿ/2ರಲ್ಲಿ, ಪಾವಗಡ 57 ಎಫ್/8ರಲ್ಲಿ ಬರುತ್ತವೆ. ನೆರೆಯ ತಾಲ್ಲೂಕುಗಳಾದ ಶಿರಾ, ಮಧುಗಿರಿಗಳ ಪಟ್ಟಣಗಳು ಬೇರೆ ಬೇರೆ ಅಕ್ಷರಗಳಿಗೆ ಸೇರಲು ಕಾರಣ, ನಡುವೆ ಹಾದುಹೋಗುವ 77 ಡಿಗ್ರಿ ರೇಖಾಂಶ.

ನಕ್ಷೆ ಓದುವಾಗ ಬಣ್ಣಗಳನ್ನು ಮೊದಲು ಗಮನಿಸಬೇಕು. ಕೆಂಪು ರಸ್ತೆ ಮತ್ತು ವಸತಿಯನ್ನು, ಹಸಿರು ಕಾಡನ್ನು, ಹಳದಿ ಸಾಗುವಳಿ ಭೂಮಿಯನ್ನು, ನೀಲಿ ನೀರನ್ನು ಸೂಚಿಸುತ್ತದೆ. ಬಯಲುಸೀಮೆಯ ಹಾಳೆಗಳಲ್ಲಿ ಹಲವು ಹಳ್ಳಗಳು ಕಪ್ಪು ಗೆರೆಗಳಾಗಿವೆ. ವರ್ಷದ ಬಹುಕಾಲ ಅವು ಒಣಗಿರುತ್ತವೆ ಎಂದು ಇದರರ್ಥ. ಕಪ್ಪು ಗೆರೆಯನ್ನು ಕಂಡವರು ನೀರಿನ ಬಾಟಲಿಯನ್ನು ಮನೆಯಿಂದಲೇ ತುಂಬಿಸಿಕೊಂಡು ಹೊರಡಬೇಕು. ಅಂಕುಡೊಂಕಾದ ದಾರಿಯ ದೂರ ಅಳೆಯಲು ನೂಲು ಸಾಕು. ದಾರಿಯ ಗೆರೆಯ ಮೇಲೆ ನೂಲನ್ನು ಹಾಯಿಸಿ, ಆಮೇಲೆ ನೇರ ಮಾಡಿ ಅಳೆದರೆ 24 ಸೆಂಟಿಮೀಟರ್ ಎಂದರೆ 12 ಕಿಲೋಮೀಟರ್.

ಬೆಟ್ಟದ ಎತ್ತರವನ್ನು ಕಂದು ಬಣ್ಣದ ಸಮೋನ್ನತಿ ರೇಖೆಗಳು ಹೇಳುತ್ತವೆ. ಒಂದು ರೇಖೆಯಿಂದ ಇನ್ನೊಂದಕ್ಕೆ 20 ಮೀಟರ್ ಏರು. ರೇಖೆಗಳು ದೂರ ದೂರ ಇದ್ದರೆ ಇಳಿಜಾರು ನಿಧಾನ, ಒತ್ತಾಗಿದ್ದರೆ ಕಡಿದು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟ ಬುಡದಿಂದ ತುದಿಗೆ ಸುಮಾರು 400 ಮೀಟರ್ ಏರುತ್ತದೆ. ಅಂದರೆ ಅಲ್ಲಿ ಇಪ್ಪತ್ತರಷ್ಟು ರೇಖೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತಾಗಿರುತ್ತವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. ಅದರಂತೆ ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಧುಗಿರಿಯ ಏರಿಗೇ ಹೆಚ್ಚುವರಿ ನಲವತ್ತು ನಿಮಿಷ ಬೇಕು. ಬೇಸಿಗೆಯ ಬಿಸಿಲಿನಲ್ಲಿ ಬರಿ ಬಂಡೆ ಹತ್ತುವವರು ಅದಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳುವುದು ಒಳಿತು.

ಗಡಿಯ ಗೆರೆ, ವರ್ಷದ ಗುರುತು

ಉತ್ತರಕ್ಕೆ ಸಾಗಿದರೆ ಗಡಿಯ ಗೆರೆ ಎದುರಾಗುತ್ತದೆ. ಪಾವಗಡ ತಾಲ್ಲೂಕನ್ನು ತುಮಕೂರು ಜಿಲ್ಲೆಯ ಉಳಿದ ಭಾಗದಿಂದ ಆಂಧ್ರಪ್ರದೇಶದ ಮಡಕಶಿರಾ ಪ್ರದೇಶ ಬೇರ್ಪಡಿಸುತ್ತದೆ. ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರೆಸಿಡೆನ್ಸಿಗಳ ನಡುವಿದ್ದ ಹಳೆಯ ಎಲ್ಲೆ ಇಂದು ಎರಡು ರಾಜ್ಯಗಳ ಎಲ್ಲೆಯಾಗಿ ಉಳಿದಿದೆ.

ನಕ್ಷೆಯ ಅಂಚಿನಲ್ಲಿ ಮುದ್ರಿಸಿರುವ ಸರ್ವೆಯ ವರ್ಷವನ್ನೂ ತಪ್ಪದೆ ನೋಡಬೇಕು. ಹಳೆಯ ಅಟ್ಲಾಸುಗಳಲ್ಲಿ ಕಳ್ಳಂಬೆಳ್ಳದ ಹೆದ್ದಾರಿಗೆ 4 ಎಂಬ ಸಂಖ್ಯೆ ಇದೆ. 2010ರ ಮರುಸಂಖ್ಯೆಯ ನಂತರ ಅದು 48. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದ, 2018ರಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನ ಹಿಂದಿನ ಹಾಳೆಗಳಲ್ಲಿ ಬರಿ ಹೊಲ, ಬೀಳು.

ಈ ನಾಡಿನ ಅಳತೆಯ ಚರಿತ್ರೆ ಹಳೆಯದು. 1799ರಲ್ಲಿ ಟಿಪ್ಪು ಮಡಿದ ಬಳಿಕ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಕೈಗೊಂಡ. ಆದರೆ ವಿವರವಾದ ನಕ್ಷೆಗಳು ಬಹುಕಾಲ ರಕ್ಷಣೆಯ ಕಾರಣದಿಂದ ನಿರ್ಬಂಧದಲ್ಲಿದ್ದವು. 2005ರ ರಾಷ್ಟ್ರೀಯ ನಕ್ಷೆ ನೀತಿ ರಕ್ಷಣಾ ಸರಣಿಯಿಂದ ಬೇರೆಯಾದ ಮುಕ್ತ ಸರಣಿಯನ್ನು ರೂಪಿಸಿತು. 2017ರಿಂದ ಈ ಸರಣಿಯ ಹಾಳೆಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವ ಅವಕಾಶವೂ ಬಂದಿತು. ಹೊಸ ಸರಣಿಯ ಸಂಖ್ಯಾಕ್ರಮ ಬೇರೆಯಾದ್ದರಿಂದ ಹಳೆಯ ಸಂಖ್ಯೆ ಹಿಡಿದು ಹುಡುಕುವವರು ಎಚ್ಚರ ವಹಿಸಬೇಕು.

ಹಳೆಯದೆಂದು ಹಾಳೆಯನ್ನು ಎಸೆಯಬೇಕಿಲ್ಲ. ಅದನ್ನು ಹಿಡಿದು ನಡೆಯುವವರಿಗೆ ಕೆಲವೊಮ್ಮೆ ನೀಲಿ ಇದ್ದಲ್ಲಿ ಜಾಲಿ ಗಿಡಗಳು, ಕಾಲುದಾರಿ ಇದ್ದಲ್ಲಿ ತಂತಿಬೇಲಿ ಎದುರಾಗಬಹುದು. ನಕ್ಷೆಯಲ್ಲಿ ದಾರಿ ಇದ್ದ ಮಾತ್ರಕ್ಕೆ ಅಲ್ಲಿ ನಡೆಯುವ ಹಕ್ಕು ಸಿಗುವುದಿಲ್ಲವಾದರೂ, ಕೇಳಬೇಕಾದ ಪ್ರಶ್ನೆಯೊಂದು ಸಿಗುತ್ತದೆ. ಉತ್ತರ ಬೇಕಿದ್ದವರು ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ಪಡೆದು ನೋಡಬಹುದು. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿಗಳು ಸರ್ವೆ ನಂಬರಿನೊಂದಿಗೆ ಗುರುತಾಗಿರುತ್ತವೆ. ಮಳೆ ಕೈಕೊಡುವ ಈ ತಾಲ್ಲೂಕುಗಳಲ್ಲಿ ಒಂದು ಕೆರೆಯ ಗೆರೆ ಎಲ್ಲಿತ್ತೆಂಬುದು ಸಣ್ಣ ಸಂಗತಿಯಲ್ಲ. ಮುಂದಿನ ಬಾರಿ ಕಳ್ಳಂಬೆಳ್ಳದ ಕೆರೆ ಎದುರಾದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ, ಹಾಳೆಯನ್ನೊಮ್ಮೆ ಬಿಡಿಸಿ ನೋಡಬಹುದು.