ಮೈಗೆ ಒಗ್ಗದ ಲೋಹ

ಕಿವಿಯ ಓಲೆ, ಕೈಗಡಿಯಾರ, ಇಷ್ಟಲಿಂಗವನ್ನಿರಿಸುವ ಕರಡಿಗೆ ಇವೆಲ್ಲವೂ ಮೈಗೆ ತಾಗಿಯೇ ಇರತಕ್ಕ ಲೋಹದ ವಸ್ತುಗಳು. ಇಂದು ಶಸ್ತ್ರವೈದ್ಯರ ಕೈಯಿಂದ ಲೋಹವು ಚರ್ಮವನ್ನೂ ದಾಟಿ, ಮುರಿದ ಮೂಳೆಗೆ ಪಟ್ಟಿಯಾಗಿ, ಸವೆದ ಮಂಡಿಗೆ ಕೀಲಾಗಿ ಒಡಲನ್ನು ಸೇರುತ್ತಿದೆ. ಇದು ಬಹುಮಂದಿಗೆ ಉಪಕಾರಿ. ಕೆಲವರಿಗೆ ಮಾತ್ರ ಒಗ್ಗದು.

ರಸಶಾಸ್ತ್ರಕಾರರು ಲೋಹಗಳನ್ನು ಶುದ್ಧಲೋಹ, ಪೂತಿಲೋಹ, ಮಿಶ್ರಲೋಹಗಳೆಂದು ವಿಂಗಡಿಸಿದ್ದಾರೆ. ತೊಂದರೆಯು ಹೆಚ್ಚಾಗಿ ಅಡಗಿರುವುದು ಮಿಶ್ರಲೋಹದಲ್ಲಿ; ಹೆಸರನ್ನು ನೋಡಿ ಒಳಗಿನದನ್ನು ತಿಳಿಯಲಾಗದು. ‘ಜರ್ಮನ್ ಸಿಲ್ವರ್’ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಣ. ಮಿಡಿಗೇಶಿಯಂತಹ ಬಯಲುಸೀಮೆಯ ಬೇಸಗೆಯಲ್ಲಿ ಬೆವರು ನಿಕಲ್ಲನ್ನು ಅಣುಮಾತ್ರವಾಗಿ ಕರಗಿಸುತ್ತದೆ. ದೇಹವು ಅದನ್ನು ಒಮ್ಮೆ ಹಗೆಯೆಂದು ಗುರುತಿಸಿತೆಂದರೆ, ಮುಂದೆ ತಾಗಿದಾಗಲೆಲ್ಲ ಒಂದೆರಡು ದಿನಗಳಲ್ಲಿ ತುರಿಕೆ, ಗುಳ್ಳೆ, ರಸಿಕೆಗಳು ತೋರುತ್ತವೆ. ಇಂತಹ ವಿಪರೀತ ಸ್ಪಂದನಕ್ಕೆ ‘ಅಲರ್ಜಿ’ ಎಂಬ ಹೆಸರನ್ನು 1906ರಲ್ಲಿ ಆಸ್ಟ್ರಿಯದ ವೈದ್ಯ ಪಿರ್ಕೆ ಇಟ್ಟನು. ತಡವಾಗಿ ತೋರುವುದರಿಂದ ನಮ್ಮ ಜನ ಇದನ್ನು ಬದನೆಕಾಯಿಯ ನಂಜೆಂದೋ ಉಷ್ಣವೆಂದೋ ಭಾವಿಸಿ ಸುಮ್ಮನಾಗುತ್ತಾರೆ.

ಕರಡಿಗೆ ತಾಗುವ ಎದೆಯಲ್ಲಿ ಕಲೆಯೆದ್ದರೆ ಭಕ್ತರು ಅದನ್ನು ಬಾಯಿಬಿಟ್ಟು ಹೇಳಲು ಅಳುಕುತ್ತಾರೆ. ಅಳುಕಬೇಕಾಗಿಲ್ಲ. ದೋಷವಿರುವುದು ಲಿಂಗದಲ್ಲಲ್ಲ, ಪಾತ್ರೆಯ ಮಿಶ್ರಣದಲ್ಲಿ. ಶುದ್ಧ ಬೆಳ್ಳಿಯ ಕರಡಿಗೆಯನ್ನು ಮಾಡಿಸಬಹುದು. ವಸ್ತ್ರದಲ್ಲಿ ಕಟ್ಟಿ ಧರಿಸುವ ಸಂಪ್ರದಾಯವೂ ಉಂಟು. ಧಾರಣೆಯನ್ನು ಬಿಡುವ ಪ್ರಸಂಗವೇ ಬರುವುದಿಲ್ಲ.

ಆ ಕಲೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸುವುದು ಅತ್ಯಗತ್ಯ. ಮೂಳೆಗೆ ಬಳಸುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡ 13ರಿಂದ 15ರಷ್ಟು ನಿಕಲ್ ಇರುತ್ತದೆ. ಕೃತಕ ಮಂಡಿಗಳಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಹೆಚ್ಚು. ಒಗ್ಗದವರಿಗೆ ಟೈಟೇನಿಯಂ ಮೊದಲಾದ ಬದಲಿಗಳುಂಟು. ಶಂಕೆಯಿದ್ದಲ್ಲಿ ಚರ್ಮರೋಗ ತಜ್ಞರು ಬೆನ್ನಿಗೆ ಲೋಹದ ಲವಣಗಳ ಪಟ್ಟಿಯನ್ನು ಅಂಟಿಸಿ, 48 ಗಂಟೆಗಳ ತರುವಾಯ ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷಿಸುತ್ತಾರೆ.

ಆದರೆ ಭಯಪಡಲಾಗದು. ಚರ್ಮಕ್ಕೆ ನಿಕಲ್ ಒಗ್ಗದವರಲ್ಲೂ ಬಹುಪಾಲು ಮಂದಿಗೆ ಒಳಗಿಟ್ಟ ಲೋಹದಿಂದ ಬಾಧೆಯಾಗದು. ನೋವು, ಬಾವು, ಕೀಲಿನ ಸಡಿಲಿಕೆ ಕಂಡಾಗ ವೈದ್ಯರು ಮೊದಲು ಸೋಂಕನ್ನೂ ಜೋಡಣೆಯ ದೋಷವನ್ನೂ ಪರಿಶೀಲಿಸುತ್ತಾರೆ. ಅಲರ್ಜಿಯ ವಿಚಾರ ಆಮೇಲಿನದು. ಪಟ್ಟಿಯನ್ನು ತೆಗೆಸಬೇಕೆಂದು ಆತುರಪಡುವುದೂ, ನೋವನ್ನು ನುಂಗಿಕೊಂಡಿರುವುದೂ ಎರಡೂ ಸಲ್ಲವು.

ಒಳಗಿಟ್ಟ ಲೋಹ ಯಾವುದೆಂದು ಬರೆಸಿಕೊಂಡ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿರಿಸಬೇಕು. ಮಕ್ಕಳ ಕಿವಿಯಲ್ಲೋ ಮಣಿಕಟ್ಟಿನಲ್ಲೋ ಇಂತಹ ಕಲೆ ಕಂಡಲ್ಲಿ ಉಪಾಧ್ಯಾಯ ಬಂಧುಗಳು ಪೋಷಕರಿಗೆ ಒಂದು ಮಾತು ತಿಳಿಸಲಿ. ಇಂದು ಹೇಳಿದ ಆ ಒಂದು ಮಾತು ನಲವತ್ತು ವರ್ಷಗಳ ತರುವಾಯ ಆ ಮಗುವಿನ ನಡಿಗೆಯನ್ನು ಕಾಯಬಲ್ಲದು.