ನವೀನ ಮೌಖಿಕ ಪೋಲಿಯೊ ಲಸಿಕೆ 2

ನವೀನ ಮೌಖಿಕ ಪೋಲಿಯೊ ಲಸಿಕೆ 2 (ಎನ್‌ಒಪಿವಿ2) ಎಂಬುದು ಎರಡನೆಯ ವಿಧದ ಪೋಲಿಯೊ ವೈರಾಣುವಿನ ವಿರುದ್ಧ ಬಾಯಿಯ ಮೂಲಕ ಹನಿಯಾಗಿ ನೀಡುವ ಲಸಿಕೆ. ಆಲ್ಬರ್ಟ್ ಸೇಬಿನ್ ರೂಪಿಸಿದ ಹಳೆಯ ಲಸಿಕೆಯ ದುರ್ಬಲ ವೈರಾಣು ಮತ್ತೆ ರೋಗಕಾರಕವಾಗುವುದು ಕಷ್ಟವಾಗುವಂತೆ ಅದರ ಜೀನೋಮನ್ನು ಮಾರ್ಪಡಿಸಿ ಇದನ್ನು ತಯಾರಿಸಲಾಗಿದೆ.

ಹಿನ್ನೆಲೆ

ಪೋಲಿಯೊ ವೈರಾಣುವಿನ ಜೀನೋಮ್ ಸುಮಾರು 7,500 ನ್ಯೂಕ್ಲಿಯೊಟೈಡ್‌ಗಳುಳ್ಳ ಒಂಟಿ ಎಳೆಯ ಆರ್‌ಎನ್‌ಎ. ಅದನ್ನು ನಕಲು ಮಾಡುವ ಪಾಲಿಮರೇಸ್ ಕಿಣ್ವವು ಆಗಾಗ ತಪ್ಪು ಮಾಡುತ್ತದೆ. ತಪ್ಪನ್ನು ತಿದ್ದುವ ಸಾಮರ್ಥ್ಯ ಅದಕ್ಕಿಲ್ಲ. ಸೇಬಿನ್ ಅವರು ವೈರಾಣುವನ್ನು ಮತ್ತೆ ಮತ್ತೆ ಬೆಳೆಸಿ, ನರಗಳಿಗೆ ಹಾನಿ ಮಾಡದ ತಳಿಗಳನ್ನು ಆಯ್ದುಕೊಂಡಿದ್ದರು. ಅವು ಏಕೆ ದುರ್ಬಲವಾದವು ಎಂಬುದು ಜೀನೋಮನ್ನು ಓದಲು ಸಾಧ್ಯವಾದ 1980ರ ದಶಕದಿಂದೀಚೆಗಷ್ಟೇ ತಿಳಿಯಿತು. ಎರಡನೆಯ ವಿಧದ ತಳಿಯಲ್ಲಿ ಮುಖ್ಯವಾದ ಬದಲಾವಣೆಗಳು ಎರಡೇ: ಒಂದು 481ನೆಯ ನ್ಯೂಕ್ಲಿಯೊಟೈಡ್‌ನಲ್ಲಿ, ಮತ್ತೊಂದು ವಿಪಿ1 ಎಂಬ ಹೊರಕವಚದ ಪ್ರೋಟೀನಿನಲ್ಲಿ.

ಲಸಿಕೆ ಪಡೆದ ಮಗುವಿನ ಕರುಳಿನಲ್ಲಿ 481ನೆಯ ಸ್ಥಾನವು ಬಹುಬೇಗ ಹಿಂದಿನ ಸ್ಥಿತಿಗೆ ಮರಳುತ್ತದೆ. ಸುತ್ತಲಿನವರೂ ಲಸಿಕೆ ಪಡೆದಿದ್ದರೆ ಇದರಿಂದ ಅಪಾಯ ತೀರ ವಿರಳ. ಲಸಿಕೆ ಪಡೆಯದ ಮಕ್ಕಳು ಹೆಚ್ಚಾಗಿರುವಲ್ಲಿ ಮಾತ್ರ ವೈರಾಣು ತಿಂಗಳುಗಟ್ಟಲೆ ಹರಡುತ್ತ, ಕರುಳಿನ ಇತರ ಎಂಟೆರೊವೈರಾಣುಗಳೊಡನೆ ಆರ್‌ಎನ್‌ಎ ಭಾಗಗಳನ್ನು ವಿನಿಮಯ ಮಾಡಿಕೊಂಡು, ಕೈಕಾಲುಗಳ ಸ್ವಾಧೀನ ತಪ್ಪಿಸುವ ಲಸಿಕಾಜನ್ಯ ವೈರಾಣುವಾಗಬಲ್ಲದು.

ಎರಡನೆಯ ವಿಧದ ನೈಸರ್ಗಿಕ ವೈರಾಣು ಕೊನೆಯ ಬಾರಿ ಕಂಡುಬಂದದ್ದು 1999ರಲ್ಲಿ, ಉತ್ತರ ಪ್ರದೇಶದ ಅಲಿಗಢದಲ್ಲಿ. ಅದರ ನಿರ್ಮೂಲನೆಯನ್ನು 2015ರಲ್ಲಿ ಘೋಷಿಸಲಾಯಿತು. ಏಪ್ರಿಲ್ 2016ರಲ್ಲಿ ಜಗತ್ತಿನಾದ್ಯಂತ ಮೌಖಿಕ ಲಸಿಕೆಯಿಂದ ಆ ವಿಧವನ್ನು ಕೈಬಿಡಲಾಯಿತು. ಆದರೂ ಲಸಿಕಾಜನ್ಯ ವೈರಾಣುವಿನ ಹರಡುವಿಕೆ ನಿಲ್ಲಲಿಲ್ಲ. ಅದನ್ನು ತಡೆಯಲು ಸೇಬಿನ್ ಲಸಿಕೆಯನ್ನೇ ಮತ್ತೆ ಬಳಸಬೇಕಾಯಿತು, ಆ ಬಳಕೆಯಿಂದಲೇ ಹೊಸ ಪ್ರಕರಣಗಳೂ ಹುಟ್ಟಿಕೊಂಡವು. ನಿಷ್ಕ್ರಿಯ ವೈರಾಣುವಿನ ಚುಚ್ಚುಮದ್ದು ಪಾರ್ಶ್ವವಾಯುವನ್ನು ತಡೆಯುತ್ತದಾದರೂ ಕರುಳಿನಲ್ಲಿ ಸಾಕಷ್ಟು ರೋಗನಿರೋಧಕ ಶಕ್ತಿಯನ್ನು ಮೂಡಿಸುವುದಿಲ್ಲ.

ಜೀನೋಮಿನ ಮಾರ್ಪಾಡುಗಳು

ಜೀನೋಮಿನ ಆರಂಭದ ಭಾಗವು ಪ್ರೋಟೀನನ್ನು ಸಂಕೇತಿಸುವುದಿಲ್ಲ. ಅದು ತನ್ನ ಮೇಲೆಯೇ ಮಡಿಚಿಕೊಂಡು ರೈಬೋಸೋಮ್ ಬಂದು ಸೇರುವ ತಾಣವಾಗುತ್ತದೆ. 481ನೆಯ ನ್ಯೂಕ್ಲಿಯೊಟೈಡ್ ಇರುವುದು ಇದರ ಐದನೆಯ ವಲಯದಲ್ಲಿ. ಈ ಮಡಿಕೆ ಸಡಿಲವಾದರೆ ನರಕೋಶಗಳಲ್ಲಿ ವೈರಾಣುವಿನ ಪ್ರೋಟೀನ್ ತಯಾರಿಕೆ ಕುಗ್ಗುತ್ತದೆ. ಸೇಬಿನ್ ತಳಿಯಲ್ಲಿ ಒಂದೇ ಅಕ್ಷರ ಬದಲಾದರೆ ಮಡಿಕೆ ಪುನಃ ಬಿಗಿಯಾಗುತ್ತಿತ್ತು. ಹೊಸ ಲಸಿಕೆಯಲ್ಲಿ ಅಲ್ಲಿನ ಹಲವು ಜೋಡಿಗಳನ್ನು ಯುರಾಸಿಲ್–ಅಡೆನಿನ್ ಜೋಡಿಗಳಾಗಿ ಬದಲಿಸಲಾಗಿದೆ. ಇಂತಹ ಜೋಡಿಯು ಬಲವಾದ ಗ್ವಾನಿನ್–ಸೈಟೊಸಿನ್ ಜೋಡಿಯಾಗಬೇಕಾದರೆ ಎರಡೂ ಅಕ್ಷರಗಳು ಒಟ್ಟಿಗೇ ಬದಲಾಗಬೇಕು. ಒಂದೇ ಬದಲಾದರೆ ಮಡಿಕೆ ಇನ್ನಷ್ಟು ಸಡಿಲವಾಗುತ್ತದೆ.

ವೈರಾಣು ಈ ಭಾಗವನ್ನೇ ಬೇರೊಂದು ಎಂಟೆರೊವೈರಾಣುವಿನಿಂದ ಎರವಲು ಪಡೆಯುವ ಸಾಧ್ಯತೆಯೂ ಇದೆ. ಅದಕ್ಕಾಗಿ, ನಕಲಿಗೆ ಅನಿವಾರ್ಯವಾದ ಸಿಆರ್‌ಇ ಎಂಬ ತುಣುಕನ್ನು ಜೀನೋಮಿನ ನಡುವಿನಲ್ಲಿ ನಿಷ್ಕ್ರಿಯಗೊಳಿಸಿ, ಆರಂಭದ ಭಾಗದಲ್ಲಿ ಸೇರಿಸಲಾಗಿದೆ. ಎರವಲು ಪಡೆದರೆ ಈ ತುಣುಕೂ ಕಳೆದುಹೋಗಿ ವೈರಾಣು ವೃದ್ಧಿಯಾಗಲಾರದು. ಪಾಲಿಮರೇಸ್‌ನಲ್ಲಿಯೂ ಎರಡು ಬದಲಾವಣೆಗಳಿವೆ: ಒಂದು ನಕಲಿನ ತಪ್ಪುಗಳನ್ನು, ಇನ್ನೊಂದು ಪುನಃಸಂಯೋಜನೆಯನ್ನು ಕಡಿಮೆ ಮಾಡುವ ಉದ್ದೇಶದ್ದು.

ಬಳಕೆ

ಮಾನವರ ಮೇಲಿನ ಮೊದಲ ಪರೀಕ್ಷೆ 2017ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆಯಿತು. ವೈರಾಣು ಹೊರಗೆ ಹರಡದಿರಲೆಂದು ಸ್ವಯಂಸೇವಕರನ್ನು ಕಂಟೇನರ್‌ಗಳಿಂದ ಕಟ್ಟಿದ ಪ್ರತ್ಯೇಕ ವಸತಿಯಲ್ಲಿ ಇರಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ನವೆಂಬರ್ 2020ರಲ್ಲಿ ತುರ್ತು ಬಳಕೆಗೆ ಅನುಮತಿ ನೀಡಿತು. ಮಾರ್ಚ್ 2021ರಲ್ಲಿ ಬಳಕೆ ಆರಂಭವಾಯಿತು. ಡಿಸೆಂಬರ್ 2023ರಲ್ಲಿ ಸಂಸ್ಥೆಯ ಪೂರ್ವಾರ್ಹತೆಯೂ ದೊರೆಯಿತು. ಇಂಡೋನೇಷ್ಯಾದ ಬಯೋ ಫಾರ್ಮಾ ಇದರ ಮೊದಲ ತಯಾರಕ ಸಂಸ್ಥೆ.

ಹೊಸ ಲಸಿಕೆಯ ವೈರಾಣು ಸೇಬಿನ್ ತಳಿಗಿಂತ ಹೆಚ್ಚು ಸ್ಥಿರವಾಗಿದ್ದರೂ ಅಪಾಯದಿಂದ ಪೂರ್ಣವಾಗಿ ಮುಕ್ತವಲ್ಲ. ಇದರಿಂದ ಹುಟ್ಟಿದ ಲಸಿಕಾಜನ್ಯ ವೈರಾಣುವಿನ ಮೊದಲ ಪ್ರಕರಣಗಳು ಬುರುಂಡಿ ಮತ್ತು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಗಳಿಂದ ಮಾರ್ಚ್ 2023ರಲ್ಲಿ ವರದಿಯಾದವು.