ಬಡನೆಲದ ಬೇಟೆಗಿಡಗಳು

1860ರ ಬೇಸಿಗೆ. ಜೀವಸಂಕುಲಗಳ ಉಗಮ ಕುರಿತ ಪುಸ್ತಕ ಹೊರಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪಾದ್ರಿಗಳೂ ವಿಜ್ಞಾನಿಗಳೂ ಅದರ ಮೇಲೆ ಜಟಾಪಟಿಗೆ ನಿಂತಿದ್ದರು. ಅದೇ ಬೇಸಿಗೆಯಲ್ಲಿ ಆ ಪುಸ್ತಕದ ಕರ್ತೃ ಚಾರ್ಲ್ಸ್ ಡಾರ್ವಿನ್ ಸಸೆಕ್ಸ್ ಪ್ರಾಂತದ ಹಾರ್ಟ್‌ಫೀಲ್ಡಿನಲ್ಲಿ, ಹೆಂಡತಿಯ ಅಕ್ಕಂದಿರ ಊರಿನಲ್ಲಿ, ಜೌಗು ಬಯಲಿನ ಮೇಲೆ ಬಗ್ಗಿ ಒಂದು ಪುಟ್ಟ ಗಿಡವನ್ನು ನೋಡುತ್ತಿದ್ದರು. ನಾಣ್ಯದಗಲದ ದುಂಡನೆಯ ಎಲೆಗಳು. ಎಲೆಯ ತುಂಬ ಕೆಂಪು ರೋಮ. ಒಂದೊಂದು ರೋಮದ ತುದಿಯಲ್ಲೂ ಬಿಸಿಲಿಗೆ ಹೊಳೆಯುವ ಅಂಟಿನ ಹನಿ. ಗಿಡದ ಹೆಸರು ಡ್ರಾಸೆರಾ.

ಅವರು ಹನ್ನೆರಡು ಗಿಡ ಕಿತ್ತು ಎಣಿಸಿದರು. ಪೂರ್ತಿ ಅರಳಿದ ಎಲೆ 56. ಅದರಲ್ಲಿ 31 ಎಲೆಗಳ ಮೇಲೆ ಸತ್ತ ಹುಳುಗಳೋ ಅವುಗಳ ಅಳಿದುಳಿದ ಚೂರುಗಳೋ ಅಂಟಿದ್ದವು. ಆಕಸ್ಮಿಕವಾಗಿ ಇಷ್ಟು ಹುಳುಗಳು ಸಾಯುತ್ತವೆಯೇ? ಈ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. ಜಗತ್ತಿನ ಎಲ್ಲ ಜೀವಸಂಕುಲಗಳ ಉಗಮಕ್ಕಿಂತ ಈ ಗಿಡದ ಮೇಲೆಯೇ ತನಗೆ ಹೆಚ್ಚು ಆಸ್ಥೆ ಎಂಬರ್ಥದಲ್ಲಿ ಆ ವರ್ಷವೇ ಸ್ನೇಹಿತ ಚಾರ್ಲ್ಸ್ ಲಯೆಲ್‌ಗೆ ಪತ್ರ ಬರೆದರು. ಇದನ್ನು ಪ್ರಾಣಿಯೆಂದು ಸಾಧಿಸಿಯೇ ತೀರುತ್ತಾರೇನೋ ಎಂದು ಹೆಂಡತಿ ಎಮ್ಮಾ ಕೂಡ ಬರೆದರು. ಸಂಶೋಧನೆ ಪುಸ್ತಕವಾದದ್ದು 1875ರಲ್ಲಿ, ಹದಿನೈದು ವರ್ಷಗಳ ನಂತರ.

ಆ ವರ್ಷಗಳಲ್ಲಿ ಡಾರ್ವಿನ್ ಮಾಡಿದ ಪ್ರಯೋಗಗಳಿಗೆ ದುಬಾರಿ ಉಪಕರಣವೇನೂ ಬೇಕಾಗಿರಲಿಲ್ಲ. ಎಲೆಯ ಮೇಲೆ ಹಸಿ ಮಾಂಸದ ಚೂರು ಇಟ್ಟರು, ಹಾಲು ಬಿಟ್ಟರು, ಮೊಟ್ಟೆಯ ಬಿಳಿಭಾಗ ಇಟ್ಟರು. ಗಾಜಿನ ಚೂರು, ಕಲ್ಲಿನ ಪುಡಿಯನ್ನೂ ಇಟ್ಟು ನೋಡಿದರು. ಯಾವುದನ್ನಿಟ್ಟರೂ ರೋಮಗಳು ಬಾಗುತ್ತವೆ. ಆದರೆ ಗಾಜನ್ನು ಹಿಡಿದ ರೋಮಗಳು ಬೇಗ ಬಿಡಿಸಿಕೊಳ್ಳುತ್ತವೆ, ಮಾಂಸವನ್ನು ಹಿಡಿದವು ದಿನಗಟ್ಟಲೆ ಬಿಡುವುದಿಲ್ಲ. ಗಿಡ ರುಚಿ ನೋಡಿ ತೀರ್ಮಾನಿಸುತ್ತಿತ್ತು! ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಹಗುರವಾದ ಕೂದಲಿನ ತುಣುಕು ತಾಗಿದರೂ ರೋಮ ಬಾಗುತ್ತಿತ್ತು. ಅಷ್ಟು ಸೂಕ್ಷ್ಮವಾದ ಅದೇ ಎಲೆ ಮಳೆಹನಿಯ ಹೊಡೆತಕ್ಕೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಂದೆರಡು ಸಲ ಜೋರಾಗಿಯೇ ಮುಟ್ಟಿದರೂ ಸುಮ್ಮನಿರುತ್ತಿತ್ತು. ಮೂರು ನಾಲ್ಕು ಸಲ ಮುಟ್ಟಿದಾಗ ಬಾಗುತ್ತಿತ್ತು. ಮಳೆ ಬೀಳುವ ಊರಿನಲ್ಲಿ ಬೇಟೆಯಾಡುವ ಗಿಡಕ್ಕೆ ಈ ವಿವೇಚನೆ ಇರಲೇಬೇಕು. ಇಲ್ಲದಿದ್ದರೆ ಪ್ರತಿ ಹನಿಗೂ ಎಲೆ ಮುದುಡಿಕೊಂಡು ದಣಿದುಹೋಗುತ್ತಿತ್ತು. ನನ್ನ ಮಟ್ಟಿಗೆ ಆ ಇಡೀ ಪುಸ್ತಕದ ಅತಿ ಸುಂದರ ಸಂಗತಿ ಇದೇ.

ಇದನ್ನು ಕಣ್ಣಾರೆ ನೋಡಲು ಸಸೆಕ್ಸಿಗೆ ಹೋಗಬೇಕಿಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳಿಗೆ ಮಳೆಗಾಲದಲ್ಲಿ ಹೋದರೆ ಸಾಕು. ಬೇಸಿಗೆಯಲ್ಲಿ ಇವು ಬರಿಗಾಲಿಡಲಾಗದಷ್ಟು ಕಾಯುವ ಕಪ್ಪು ಬಂಡೆಗಳು. ಜೂನ್ ಮಳೆ ಹಿಡಿದ ಮೇಲೆ ಬಂಡೆಯ ಮೇಲಿನ ತೆಳು ಮಣ್ಣು ನೆನೆದು ಜಿನುಗುತ್ತದೆ, ತಗ್ಗುಗಳಲ್ಲಿ ನೀರು ನಿಲ್ಲುತ್ತದೆ, ಎಲ್ಲೆಲ್ಲೂ ಹುಲ್ಲು ಚಿಗುರುತ್ತದೆ. ಆ ಹುಲ್ಲಿನ ನಡುವೆ ಎರಡು ಬಗೆಯ ಡ್ರಾಸೆರಾ ಸಿಗುತ್ತವೆ. ಡ್ರಾಸೆರಾ ಬರ್ಮಾನಿಯ ಎಲೆಗಳು ನೆಲಕ್ಕೆ ಒತ್ತಿ ಹೂವಿನಂತೆ ಸುತ್ತ ಹರಡಿಕೊಂಡಿರುತ್ತವೆ. ಡ್ರಾಸೆರಾ ಇಂಡಿಕಾ ನೆಟ್ಟಗೆ ನಿಲ್ಲುತ್ತದೆ. ಅದರ ಎಲೆ ದಾರದಷ್ಟು ಸಣ್ಣ, ಮೈತುಂಬ ಅಂಟುಹನಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಹಿಡಿದು ಮೊಣಕಾಲೂರಿ ಕುಳಿತರೆ ಒಂದು ನಾಟಕವೇ ಕಾಣುತ್ತದೆ. ನೊರಜೊಂದು ಬಂದು ಎಲೆಯಂಚಿನ ಹನಿಯ ಮೇಲೆ ಕೂರುತ್ತದೆ. ಕಾಲು ಅಂಟುತ್ತದೆ. ಎಳೆದುಕೊಳ್ಳಲು ಹೋದರೆ ಅಂಟು ಎಳೆಎಳೆಯಾಗಿ ಬರುತ್ತದೆ, ಕೊಸರಾಟದಲ್ಲಿ ರೆಕ್ಕೆ ಪಕ್ಕದ ಹನಿಗೆ ತಾಗುತ್ತದೆ. ಬರ್ಮಾನಿಯ ಎಲೆಯಂಚಿನ ಉದ್ದ ರೋಮಗಳು ಕೆಲವೇ ಸೆಕೆಂಡುಗಳಲ್ಲಿ ಮಡಚಿ, ಆ ನೊರಜನ್ನು ಎಲೆಯ ನಡುವಿಗೆ ತಂದುಹಾಕುತ್ತವೆ. ಅಲ್ಲಿರುವುದು ಗಿಡ್ಡ ರೋಮಗಳು, ಅಲ್ಲಿಯೇ ಜೀರ್ಣಕ್ರಿಯೆ. ಹುಳು ಕೊಸರಾಡಿದಷ್ಟೂ ಹೆಚ್ಚು ರೋಮಗಳಿಗೆ ಸುದ್ದಿ ಮುಟ್ಟುತ್ತದೆ. ಆ ಸುದ್ದಿ ರೋಮದ ಉದ್ದಕ್ಕೂ ವಿದ್ಯುತ್ ಸಂಕೇತವಾಗಿ ಹರಿಯುತ್ತದೆ. ಗಿಡದಲ್ಲಿ ನರವಿಲ್ಲ, ಆದರೂ ನರದಲ್ಲಿ ಓಡುವಂಥ ಸಂಕೇತವುಂಟು.

ಮುಂದಿನ ಘಟ್ಟವನ್ನು ಇತ್ತೀಚಿನ ಸಂಶೋಧನೆಗಳು ಬಿಡಿಸಿ ತೋರಿಸಿವೆ. ಕಂಬಳಿಹುಳು ಎಲೆ ಕಡಿದಾಗ ಸಾಮಾನ್ಯ ಗಿಡಗಳು ಜಾಸ್ಮೋನೇಟ್ ಎಂಬ ಹಾರ್ಮೋನು ಸುರಿಸಿ ರಕ್ಷಣೆಯ ರಾಸಾಯನಿಕಗಳನ್ನು ತಯಾರಿಸುತ್ತವೆ. ಡ್ರಾಸೆರಾ ಎಲೆ ಹುಳುವಿನ ಮೇಲೆ ಮುದುಡುವುದೂ ಜೀರ್ಣಕ ಕಿಣ್ವಗಳನ್ನು ಸ್ರವಿಸುವುದೂ ಇದೇ ಹಾರ್ಮೋನಿನ ಆಜ್ಞೆಯಂತೆ. ಹುಳುವಿನಿಂದ ತಪ್ಪಿಸಿಕೊಳ್ಳಲು ಇದ್ದ ವ್ಯವಸ್ಥೆಯೇ ಇಲ್ಲಿ ಹುಳುವನ್ನು ತಿನ್ನಲು ಬಳಕೆಯಾಗಿದೆ. ವಿಕಾಸ ಹೊಸದನ್ನು ಶೂನ್ಯದಿಂದ ಕಟ್ಟುವುದು ಅಪರೂಪ. ಮನೆಯಲ್ಲಿದ್ದ ಹಳೆಯ ಸಾಮಾನನ್ನೇ ಬೇರೆ ಕೆಲಸಕ್ಕೆ ಹಚ್ಚುತ್ತದೆ.

ಇಷ್ಟೆಲ್ಲ ಪಾಡು ಯಾಕೆ? ನೆಲ ಬಡವಾದ್ದರಿಂದ. ಪದವಿನ ಮಣ್ಣು ತೆಳು, ಇದ್ದಬದ್ದ ಸಾರವನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಸಾರಜನಕಕ್ಕಂತೂ ಬರ. ಬೆಳಕು, ನೀರು ಧಾರಾಳ. ಗಿಡ ತನ್ನ ಅನ್ನವನ್ನು ಎಲ್ಲ ಗಿಡಗಳಂತೆ ಬಿಸಿಲಿನಿಂದಲೇ ಬೇಯಿಸಿಕೊಳ್ಳುತ್ತದೆ. ಹುಳುವಿನಿಂದ ಪಡೆಯುವುದು ಸಾರಜನಕ, ರಂಜಕದಂಥ ಗೊಬ್ಬರವನ್ನು. ಇದರಿಂದ ನಿಜಕ್ಕೂ ಲಾಭವಿದೆಯೇ ಎಂಬ ಅನುಮಾನ ಡಾರ್ವಿನ್ ಕಾಲದಲ್ಲಿ ಅನೇಕರಿಗಿತ್ತು. ಅವರ ಮಗ ಫ್ರಾನ್ಸಿಸ್ 1878ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ಹುಳುಗಳು ಬರದಂತೆ ಗಿಡಗಳಿಗೆ ಜಾಲರಿ ಮುಚ್ಚಿ, ಕೆಲವಕ್ಕೆ ಮಾತ್ರ ಮಾಂಸದ ಸಣ್ಣ ಚೂರು ತಿನ್ನಿಸಿದರು. ತಿಂದ ಗಿಡಗಳು ಉಪವಾಸವಿದ್ದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಬೀಜ ಕೊಟ್ಟವು.

ಇದೇ ನೆಲದಲ್ಲಿ ಇನ್ನೊಂದು ಬೇಟೆಗಿಡ ಇದೆ, ಹೆಸರು ಯುಟ್ರಿಕ್ಯುಲೇರಿಯಾ. ಪದವಿನ ಮೇಲೆ, ಗದ್ದೆಗಳಲ್ಲಿ ನೇರಳೆ ಹಾಸು ಹಾಸಿದಂತೆ ಅರಳುವ ಪುಟ್ಟ ಹೂಗಳನ್ನು ಬಹಳ ಜನ ನೋಡಿರುತ್ತಾರೆ. ಬೇಟೆ ನಡೆಯುವುದು ಮಣ್ಣಿನಡಿಯಲ್ಲಿ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಬೇರೇ ಇಲ್ಲ. ಬೇರಿರಬೇಕಾದ ಕಡೆ ನವಿರಾದ ಎಳೆಗಳು, ಎಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಚೀಲಗಳು. ಚೀಲ ತನ್ನೊಳಗಿನ ನೀರನ್ನು ಹೊರಹಾಕಿ, ಬದಿಗಳನ್ನು ಒಳಕ್ಕೆ ಎಳೆದುಕೊಂಡು, ಬಾಗಿಲು ಮುಚ್ಚಿ ಕಾಯುತ್ತದೆ. ಬಾಗಿಲ ರೋಮಕ್ಕೆ ಯಾವುದೋ ಸೂಕ್ಷ್ಮಜೀವಿ ತಾಗಿದ್ದೇ ತಡ, ಬಾಗಿಲು ತೆರೆದು ನೀರಿನ ಸಮೇತ ಅದನ್ನು ಒಳಗೆ ಹೀರಿಕೊಳ್ಳುತ್ತದೆ. ಇದಿಷ್ಟೂ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ! ಹುಳುವೇ ತಲೆಯಿಂದ ಬಾಗಿಲು ನೂಕಿಕೊಂಡು ಒಳನುಗ್ಗುತ್ತದೆ ಎಂದು ಡಾರ್ವಿನ್ ಭಾವಿಸಿದ್ದರು. ಈ ಗಿಡವನ್ನು ಅವರಷ್ಟೇ ತನ್ಮಯತೆಯಿಂದ ಗಮನಿಸಿ ಅವರೊಡನೆ ಪತ್ರ ವ್ಯವಹಾರ ನಡೆಸಿದವರು ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್. ಆಕೆಯ ಹೆಸರು ನಮ್ಮ ಪಠ್ಯಗಳಲ್ಲಿ ಕಾಣದಿರುವುದು ನನಗೆ ಬೇಸರದ ಸಂಗತಿ. ಚೀಲದ ಪೂರ್ಣ ವೇಗ ತಿಳಿಯಲು ಅತಿವೇಗದ ಕ್ಯಾಮೆರಾ ಬರಬೇಕಾಯಿತು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಳನುಗ್ಗುವ ನೀರಿನ ವೇಗವರ್ಧನೆ ಗುರುತ್ವದ 600 ಪಟ್ಟು.

ನಮ್ಮ ದಾಖಲೆಗಳಲ್ಲಿ ಇಂಥ ಎಷ್ಟೋ ಪದವುಗಳಿಗೆ ಪಾಳು ಭೂಮಿಯೆಂಬ ಹಣೆಪಟ್ಟಿ ಇದೆ. ಇಲ್ಲಿ ಏನೂ ಬೆಳೆಯುವುದಿಲ್ಲ ಎಂದುಕೊಂಡು ಮಣ್ಣು ತುಂಬಿಸುತ್ತಾರೆ, ಅಕೇಶಿಯಾ ನೆಡುತ್ತಾರೆ, ಕಸ ಸುರಿಯುತ್ತಾರೆ, ಕಲ್ಲು ಕಡಿಯುತ್ತಾರೆ. ಕಲ್ಲು ಕಡಿಯುವವರ ಹೊಟ್ಟೆಪಾಡು ನನಗೂ ಗೊತ್ತು. ಆದರೆ ಮಣ್ಣು ತುಂಬಿ ಗೊಬ್ಬರ ಹಾಕಿ ಉದ್ಧಾರ ಮಾಡುವ ಉತ್ಸಾಹವೂ ಈ ಗಿಡಗಳಿಗೆ ಅಷ್ಟೇ ಮಾರಕ. ಸಾರ ಹೆಚ್ಚಿದೊಡನೆ ಎತ್ತರದ ಹುಲ್ಲು, ಪೊದೆ ಬೆಳೆದು ಬಿಸಿಲನ್ನು ಕಸಿದುಕೊಳ್ಳುತ್ತವೆ. ನೆಲಕ್ಕಂಟಿದ ಡ್ರಾಸೆರಾ ನೆರಳಿನಲ್ಲಿ ಬಾಳಲಾರದು. ಪದವನ್ನೇ ನಂಬಿದ ಪ್ರಾಣಿಗಳೂ ಇವೆ. ಉಡುಪಿ ಜಿಲ್ಲೆಯ ಮಣಿಪಾಲದ ಮುರಕಲ್ಲು ಬಯಲಿನಲ್ಲಿ ಸಿಕ್ಕಿದ, ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆಯೊಂದು ವಿಜ್ಞಾನಕ್ಕೆ ಪರಿಚಯವಾದದ್ದು 2016ರಲ್ಲಷ್ಟೇ. ಅದರ ಕೂಗು ಕೇಳಿದರೆ ಚಿಮ್ಮಂಡೆಯೆಂದೇ ಅನ್ನಿಸುತ್ತದೆ. ಅದರ ನೆಲೆಯತ್ತ ಜನರ ಗಮನ ಹರಿಯಲಿ ಎಂದು ಸಂಶೋಧಕರು ಅದಕ್ಕೆ ಮೈಕ್ರೊಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟರೈಟ್ ಎಂದರೆ ಮುರಕಲ್ಲು.

ನೋಡಹೋಗುವವರು ಮಳೆ ಸ್ವಲ್ಪ ಬಿಡುವು ಕೊಡುವ ಆಗಸ್ಟ್, ಸೆಪ್ಟೆಂಬರಿನ ಬೆಳಗಿನಲ್ಲಿ ಹೋಗಬೇಕು. ಸೂರ್ಯ ಎದುರಿಗಿರುವಂತೆ ನಿಂತರೆ ಅಂಟುಹನಿಗಳು ತಾವೇ ಮಿನುಗಿ ಗಿಡವನ್ನು ತೋರಿಸಿಕೊಡುತ್ತವೆ. ಕಾಲಿಡುವ ಮುನ್ನ ನೆಲ ನೋಡಿಕೊಳ್ಳಬೇಕು. ಕಿತ್ತು ಮನೆಗೆ ಒಯ್ದು ಕುಂಡದ ಗೊಬ್ಬರದ ಮಣ್ಣಿಗೆ ನೆಟ್ಟರೆ ಅದು ಬದುಕುವುದಿಲ್ಲ. ಮಳೆ ನಿಂತು ಬಂಡೆ ಒಣಗಿದ ಮೇಲೆ ಡ್ರಾಸೆರಾ ಇಂಡಿಕಾ ಪೂರ್ತಿ ಸಾಯುತ್ತದೆ. ಉಳಿಯುವುದು ಧೂಳಿನಂಥ ಬೀಜ ಮಾತ್ರ. ಅದು ಬಂಡೆಯ ಮೇಲಿನ ಆ ತೆಳು ಮಣ್ಣಿನಲ್ಲಿ ಬೇಸಿಗೆ ಕಳೆದು ಮುಂದಿನ ಮಳೆಗೆ ಮೊಳೆಯಬೇಕು. ಕಲ್ಲು ಕಡಿಯಲು ಬಂದವರು ಮೊದಲು ಕೆರೆದು ಬದಿಗೆ ಎಸೆಯುವುದು ಆ ಮಣ್ಣನ್ನೇ.